ಪಂಡಿತಾ ರಮಾಬಾಯಿಯವರು

ಪಂಡಿತಾ ರಮಾಬಾಯಿಯವರು 1858ನೇ ಇಸವಿಯಲ್ಲಿ ಕನ್ನಡನಾಡಿನ ಪಶ್ಚಿಮ ಘಟ್ಟಗಳೊಳಗಿನ ಗಂಗಾಮೂಲ ಎಂಬಲ್ಲಿ ಹುಟ್ಟಿದರು. ತಂದೆಯಾದ ಅನಂತ ಶಾಸ್ತ್ರಿಗಳು ಆ ಕಾಲದ ವಾಡಿಕೆಯನ್ನು ಮೀರಿ ತಮ್ಮ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದರು. ತಾಯಿಯು ಅದನ್ನು ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆತಾಯಿಗಳು ತೀರಿಹೋದರು. ರಮಾಬಾಯಿಯವರು ಅಣ್ಣನ ಸಂಗಡ ಹಸಿದ ಹೊಟ್ಟೆಯಲ್ಲಿ ಊರೂರು ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತೆಯೆಂಬ ಬಿರುದನ್ನು ಕೊಟ್ಟರು. 1882ರಲ್ಲಿ ವಿಧವೆಯಾದರು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು, 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾ ಸದನವನ್ನು ತೆರೆದರು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಕ್ಷಾಮವುಂಟಾಯಿತು. ತಾವು ಪಟ್ಟ ಹಸಿವನ್ನು ನೆನಸಿಕೊಂಡು ರಮಾಬಾಯಿಯವರು ಅಲ್ಲಿಗೆ ಹೋದರು. ಹುಡುಗಿಯರು ಒಂದು ರೂಪಾಯಿಗೆ, ಕೆಲವು ಆಣೆಗಳಿಗೆ, ಸ್ವಲ್ಪ ಧಾನ್ಯಕ್ಕೂ ಮಾರಲ್ಪಡುತ್ತಿದ್ದರು. ಕೊಳ್ಳುವವರು ಕಳ್ಳರಂತೆ ಬರಲಿಲ್ಲ; ಮಿಠಾಯಿ, ಬಟ್ಟೆ, ಸವಿಮಾತುಗಳೊಡನೆ ಬಂದರು. ರಮಾಬಾಯಿಯವರು ಈ ಕನಿಕರದ ವೇಷವನ್ನು ಗುರುತಿಸಿದರು. ನೂರಾರು ಹುಡುಗಿಯರನ್ನು ಕರತಂದು ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಸ್ಥಾಪಿಸಿ, ಓದನ್ನೂ ಕೈಕೆಲಸವನ್ನೂ ಕಲಿಸಿದರು.

ಅದೇ 1897ರಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಗೆ ಸೇರಿದ ತಮ್ಮ ಒಬ್ಬ ಹುಡುಗಿಯು ಅಲ್ಲಿಯ ಕಾವಲುಗಾರನ ವಶವಾಗಿ ಕಾಣೆಯಾದಳೆಂದು ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬರೆದರು. ಮಾತು ಇಂಗ್ಲೆಂಡಿನ ಪಾರ್ಲಿಮೆಂಟಿನ ವರೆಗೆ ಹೋಯಿತು. ಗವರ್ನರರು ಅದನ್ನು ಅಲ್ಲಗಳೆದರು. ರಮಾಬಾಯಿಯವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ನಮ್ಮ ಸೀಮೆಯೂ ಅವರಿಗೆ ದೂರವಾಗಿರಲಿಲ್ಲ. ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿ ಅವರ ಸಹಾಯದಿಂದ ಒಂದು ಕ್ರೈಸ್ತ ಶಾಲೆ ತೆರೆಯಲ್ಪಟ್ಟಿತು. ಮಗಳಾದ ಮನೋರಮೆಯವರು ಅದನ್ನು ನಡಿಸಿದರು. ಮಗಳು 1921ರಲ್ಲಿಯೂ ತಾಯಿಯು 1922ರ ಏಪ್ರಿಲ್ 5ರಂದೂ ತೀರಿಕೊಂಡರು.

ಪ್ರಿಯ ವಾಚಕರೇ, ವಾಡಿಯಿಂದ ಪುಣೆಗೆ ಹೋಗುವ ರೈಲು ಈಗಲೂ ಕೇಡಗಾಂವಿನ ಮೇಲೆಯೇ ಹೋಗುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳಿಂದ ಕೂಲಿಗಾಗಿ ದೂರ ಹೋಗುವ ನಮ್ಮವರು ಅದನ್ನು ಹತ್ತುತ್ತಾರೆ. ದುಡಿಯಲು ಹೋಗುವುದು ತಪ್ಪಲ್ಲ. ಆದರೆ ಗುರುತಿಲ್ಲದವನು ಮುಂಗಡ ಕೊಟ್ಟು ಹೋಗುವ ಊರನ್ನು ಹೇಳದಿದ್ದರೆ, ಚಿಕ್ಕ ಹುಡುಗಿಗೆ ಕೆಲಸವನ್ನೋ ವರದಕ್ಷಿಣೆಯಿಲ್ಲದ ಮದುವೆಯನ್ನೋ ತೋರಿಸಿ ಅವಸರಪಡಿಸಿದರೆ, ಧಣಿಯು ಆಧಾರ್ ಕಾರ್ಡನ್ನೂ ಕೂಲಿಯನ್ನೂ ಹಿಡಿದುಕೊಂಡು ಮನೆಗೆ ಹೋಗಗೊಡಿಸದಿದ್ದರೆ, ನಾವು ಎಚ್ಚರಗೊಳ್ಳತಕ್ಕದ್ದು. ಸಾಲಕ್ಕಾಗಿ ಜೀತವಿಡುವದನ್ನು 1976ರ ಕಾನೂನು ನಿಷೇಧಿಸಿ ಆ ಸಾಲವನ್ನೇ ರದ್ದುಮಾಡಿದೆ. ಮೋಸಹೋದವರು ತಾವೇ ಒಪ್ಪಿಕೊಂಡರೆಂಬ ನೆಪವು ಮನುಷ್ಯರನ್ನು ಸಾಗಿಸುವವನನ್ನು ಬಿಡಿಸದು.

ಮಕ್ಕಳ ವಿಷಯವಾಗಿ 1098ಕ್ಕೂ, ಪೊಲೀಸರ ಸಹಾಯಕ್ಕೆ 112ಕ್ಕೂ ಫೋನು ಮಾಡಬಹುದು. ಜೀತದ ಸಂಗತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ತಿಳಿಸಬೇಕು. ಕರೆದವನ ಹೆಸರು, ವಾಹನದ ನಂಬರು, ಹೋದ ದಿನ, ಇವುಗಳನ್ನು ಬರೆದಿಟ್ಟರೆ ಹುಡುಕುವವರಿಗೆ ದಾರಿ ಸಿಕ್ಕುವದು. ನಮ್ಮನ್ನು ಮೊದಲು ಯಾರೂ ನಂಬದೆ ಇರಬಹುದು. ರಮಾಬಾಯಿಯವರನ್ನೂ ನಂಬಲಿಲ್ಲ, ಆದರೂ ಅವರು ಸುಮ್ಮನಿರಲಿಲ್ಲ.