ಹಡಗುಗಳಿಗೆ ಕಿಚ್ಚಿಟ್ಟ ಉಳ್ಳಾಲದ ರಾಣಿ ಅಬ್ಬಕ್ಕ

ಮೂಡಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ನೋಡುವವರಿಗೆ ಕಡಲು ನೆನಪಾಗುವುದು ಅಪರೂಪ. ಆದರೆ ಪೋರ್ಚುಗೀಸರ ನೌಕಾಬಲಕ್ಕೆ ಸವಾಲೊಡ್ಡಿದ ರಾಣಿ ಅಬ್ಬಕ್ಕ ಇದೇ ಜೈನ ಅರಸು ಮನೆತನದ ಕುಡಿ. ಅಳಿಯಸಂತಾನ ಪದ್ಧತಿಯಂತೆ, 16ನೇ ಶತಮಾನದಲ್ಲಿ ಸೋದರಮಾವ ತಿರುಮಲರಾಯ ಚೌಟನಿಂದ ಆಕೆಗೆ ಉಳ್ಳಾಲದ ಪಟ್ಟ ಬಂದಿತು.

ಬೆಳ್ತಂಗಡಿಯ ಬಂಗಾಡಿ ಹಾಗೂ ಬಂಟ್ವಾಳದ ನಂದಾವರದಲ್ಲಿ ನೆಲೆಯಿದ್ದ ಬಂಗ ಮನೆತನದ ಲಕ್ಷ್ಮಪ್ಪ ಅರಸನೊಂದಿಗೆ ನಡೆದ ವಿವಾಹ ಮುರಿದುಬಿತ್ತು. ಬಂಗರಸ ಪೋರ್ಚುಗೀಸರ ಪಕ್ಷ ಸೇರಿದ. ತಮ್ಮ ರಹದಾರಿಯಿಲ್ಲದೆ ಯಾವ ಹಡಗೂ ಸಾಗಕೂಡದು, ಅರಸರು ಕಪ್ಪ ಸಲ್ಲಿಸಬೇಕು ಎಂಬುದು ಪೋರ್ಚುಗೀಸರ ಕಟ್ಟಳೆ. ಅಕ್ಕಿ, ಕಾಳುಮೆಣಸಿನ ವ್ಯಾಪಾರವನ್ನೇ ನೆಚ್ಚಿದ್ದ ಉಳ್ಳಾಲಕ್ಕೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಅಬ್ಬಕ್ಕ ಕಪ್ಪ ನಿರಾಕರಿಸಿದಳು.

ಮೊಗವೀರರು, ಬ್ಯಾರಿಗಳು ಅವಳ ಬೆನ್ನಿಗೆ ನಿಂತರು. ಕತ್ತಲಲ್ಲಿ ಸಣ್ಣ ದೋಣಿಗಳಲ್ಲಿ ಸಾಗಿ, ಉರಿಯುವ ಬಾಣಗಳನ್ನೂ ತೆಂಗಿನ ಗರಿಯ ಸೂಟೆಗಳನ್ನೂ ಹಡಗುಗಳ ಮೇಲೆ ಎಸೆದರೆಂಬುದು ತುಳುನಾಡಿನ ಜನರ ನೆನಪು. ಮರದ ಒಡಲು, ಬಟ್ಟೆಯ ಹಾಯಿ, ರಾಳ ಬಳಿದ ಹಗ್ಗ, ಒಳಗೆ ಮದ್ದುಗುಂಡು. ಅಂದಿನ ಹಡಗಿಗೆ ಬೆಂಕಿಗಿಂತ ದೊಡ್ಡ ವೈರಿಯಿರಲಿಲ್ಲ. ಕಾವಲುಗಾರನ ಕೂಗು, ಗಂಟೆ, ನಗಾರಿಗಳೇ ಎಚ್ಚರಿಕೆ. ನಿದ್ದೆಯಿಂದೆದ್ದ ನಾವಿಕರು ಬಕೆಟ್ಟುಗಳಲ್ಲಿ ನೀರೆತ್ತುವಷ್ಟರಲ್ಲಿ ಹಾಯಿಗೆ ಉರಿ ಏರಿದರೆ, ಉಳಿಯುವ ದಾರಿ ಕಡಲಿಗೆ ಹಾರುವುದೊಂದೇ.

ಹೋರಾಟ ದಶಕಗಳ ಕಾಲ ನಡೆದದ್ದರಿಂದ, ಒಬ್ಬಳಲ್ಲ, ಒಂದಕ್ಕಿಂತ ಹೆಚ್ಚು ಅಬ್ಬಕ್ಕರು ಇದ್ದರೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಣೇಲಿನಲ್ಲಿ ಕಂಡ ಉಳ್ಳಾಲದ ರಾಣಿ ಆಡಂಬರವಿಲ್ಲದೆ ಬರಿಗಾಲಲ್ಲಿ ನಡೆದು, ನೀರಿನ ಕಾಲುವೆಯ ಕೆಲಸ ನೋಡಿಕೊಂಡು ಬರುತ್ತಿದ್ದಳು. ಸೆರೆಯಲ್ಲಿದ್ದೂ ದಂಗೆಯೆದ್ದು ಅಬ್ಬಕ್ಕ ಮಡಿದಳೆಂದು ಜನಪದ ಕಥನ ಹೇಳುತ್ತದೆ.

ಬಂಟ್ವಾಳದಲ್ಲಿರುವ ತುಳು ಅಧ್ಯಯನ ಕೇಂದ್ರಕ್ಕೆ ಅವಳದೇ ಹೆಸರು. 2012ರಲ್ಲಿ ಭಾರತೀಯ ತಟರಕ್ಷಣಾ ಪಡೆಯ ಗಸ್ತು ನೌಕೆಯೊಂದು ವಿಶಾಖಪಟ್ಟಣದಲ್ಲಿ ರಾಣಿ ಅಬ್ಬಕ್ಕ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಇಂದು ಅಂತರರಾಷ್ಟ್ರೀಯ ನಿಯಮದಂತೆ ಏಳು ಅಥವಾ ಹೆಚ್ಚು ಕಿರು ಸದ್ದು, ಬಳಿಕ ಒಂದು ದೀರ್ಘ ಸದ್ದು ಮೊಳಗಿದರೆ ಹಡಗಿನವರೆಲ್ಲ ತಮಗೆ ಗೊತ್ತುಮಾಡಿದ ಸ್ಥಳದಲ್ಲಿ ಸೇರಬೇಕು. ಒಂದು ಕಾಲದಲ್ಲಿ ಹಡಗುಗಳಿಗೆ ಬೆಂಕಿಯ ಭಯ ಹುಟ್ಟಿಸಿದವಳ ಹೆಸರು, ಕಡಲಲ್ಲಿ ಆಪತ್ತಿಗೆ ಸಿಲುಕಿದವರತ್ತ ಧಾವಿಸುವ ಪಡೆಯ ನೌಕೆಗೆ ಸಂದಿದೆ.