ಬೆನ್ನುಹುರಿಗೆ ಪೆಟ್ಟಾದರೆ ಹಾಸಿಗೆಯೇ ಗತಿಯೇ? ಡಾ. ಮೇರಿ ವರ್ಗೀಸ್ ಬದುಕು ಹೇಳುವ ಸತ್ಯ

ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದರೆ ಆ ವ್ಯಕ್ತಿಯ ದುಡಿಮೆ, ಓಡಾಟ ಎಲ್ಲ ಮುಗಿದಂತೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇದು ನಿಜವೇ? ಅಲ್ಲ. ಅದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತಮ ಉದಾಹರಣೆ ಇದೆ.

ಮೇರಿ ವರ್ಗೀಸ್ ಹುಟ್ಟಿದ್ದು 1925ರಲ್ಲಿ, ಕೇರಳದ ಕೊಚ್ಚಿ ಬಳಿಯ ಚೆರಾಯಿಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯೆಯಾದರು. ಸ್ತ್ರೀರೋಗ ತಜ್ಞೆಯಾಗಬೇಕು ಎಂಬುದು ಅವರ ಆಸೆ. ಆದರೆ 1954ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರವಾಸಕ್ಕೆ ಹೊರಟಿದ್ದ ವಾಹನ ಉರುಳಿತು. ಮುಖಕ್ಕೆ ತೀವ್ರ ಗಾಯವಾಯಿತು, ಬೆನ್ನುಹುರಿಗೆ ಪೆಟ್ಟು ಬಿತ್ತು. ಕಾಲುಗಳು ಮತ್ತೆ ಚಲಿಸಲಿಲ್ಲ.

ಮುರಿದ ಮೂಳೆ ಕೂಡಬಹುದು. ಆದರೆ ಮೂಳೆಯೊಳಗಿನ ನರಗಳ ಹುರಿ ಪೂರ್ತಿ ಹಾಳಾದರೆ ಸರಿಪಡಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಎಣ್ಣೆ ತಿಕ್ಕುವುದರಿಂದಲೂ ಅದು ವಾಸಿಯಾಗದು. ಹಾಗಾದರೆ ಉಳಿದಿದ್ದೇನು? ಮೇರಿಯವರ ಕೈಗಳು ಮತ್ತು ಕಲಿತ ವಿದ್ಯೆ.

ಅದೇ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಚಿಕೊಂಡ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು. ಅವರ ಪ್ರೋತ್ಸಾಹದಿಂದ ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಆ ಕೆಲಸ ಕಲಿತರು. ಸ್ವತಃ ನಡೆಯಲಾಗದ ವೈದ್ಯೆ ಬೇರೆಯವರ ಕೈಗಳಿಗೆ ಮತ್ತೆ ಕೆಲಸ ಕೊಟ್ಟರು.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪುನರ್ವಸತಿ ತರಬೇತಿ ಪಡೆದಾಗ ಇನ್ನೊಂದು ವಿಷಯ ಅರಿವಾಯಿತು. ಇಂಥ ಸೌಲಭ್ಯ ಭಾರತದ ರೋಗಿಗಳಿಗೆ ಇಲ್ಲವಲ್ಲ! ಮುಂದೆ ನ್ಯೂಯಾರ್ಕ್‌ನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು, ವೆಲ್ಲೂರಿಗೆ ಮರಳಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಬಾಗಾಯಂನಲ್ಲಿ ರೋಗಿಗಳು ಉಳಿದು ತರಬೇತಿ ಪಡೆಯುವ ಪುನರ್ವಸತಿ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು.

ಇಂಥ ಕೇಂದ್ರದಲ್ಲಿ ಹಾಸಿಗೆಯಿಂದ ಕುರ್ಚಿಗೆ ದಾಟುವುದು, ಒತ್ತಡದ ಹುಣ್ಣು ಆಗದಂತೆ ಆಗಾಗ ಮೈ ಹೊರಳಿಸುವುದು, ಮೂತ್ರದ ಸೋಂಕು ತಡೆಯುವುದು, ಹೊಸ ಕಸುಬು ಎಲ್ಲವನ್ನೂ ಕಲಿಸುತ್ತಾರೆ. ಹುಣ್ಣು, ಸೋಂಕುಗಳನ್ನು ಕಡೆಗಣಿಸಿದರೆ ಜೀವಕ್ಕೇ ಅಪಾಯ.

ಆದರೆ ಕಲಿತು ಮನೆಗೆ ಬಂದವರನ್ನು ಬಾಗಿಲ ಮೆಟ್ಟಿಲೇ ತಡೆದರೆ? ಒಂದು ಅಡಿ ಎತ್ತರಕ್ಕೆ ಸುಮಾರು 12 ಅಡಿ ಉದ್ದದ ಇಳಿಜಾರು ಹಾಕಿದರೆ ಗಾಲಿಕುರ್ಚಿ ಸಲೀಸಾಗಿ ಹತ್ತುತ್ತದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಹೀಗೆ ಮರಳಿದ್ದರೆ ಯಾವಾಗ ನಡೀತೀರಿ ಎಂದು ಕೇಳಬೇಡಿ. ಮದುವೆಗೆ, ಜಾತ್ರೆಗೆ, ಸಂಘದ ಸಭೆಗೆ ಕರೆಯಿರಿ. ಅವರು ಒಳಗೆ ಬರಲು ದಾರಿ ಇದೆಯೇ ಎಂದು ಮೊದಲೇ ನೋಡಿ. ಮನೆಯವರ ಗುಂಪಿಗೂ ಇದನ್ನು ಕಳಿಸಿ.