ದೇವಾಲಯ ನಿರ್ಮಾಣದಲ್ಲಿ ಜನಸೇವೆಯನ್ನು ಕಂಡ ಸಂತ ಚಾರ್ಲ್ಸ್ ಬೊರೊಮಿಯೊ

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದವರ ತ್ಯಾಗವನ್ನು ನೆನೆಯುವುದು ಸಹಜವೂ ಯೋಗ್ಯವೂ ಆಗಿದೆ. ಧನ ನೀಡಿದವರನ್ನೂ ಕಲ್ಲು ಹೊತ್ತವರನ್ನೂ ನಾವು ಸ್ಮರಿಸುತ್ತೇವೆ. ಆದರೆ ಬಾಗಿಲು ಎಲ್ಲಿರಬೇಕು, ಕಿಟಕಿ ಎಷ್ಟು ಎತ್ತರದಲ್ಲಿರಬೇಕು, ಪಾಪನಿವೇದನೆಗೆ ಬಂದವನು ಎಲ್ಲಿ ಮೊಣಕಾಲೂರಬೇಕು ಎಂದು ಚಿಂತಿಸಿದವರು ನಮ್ಮ ನೆನಪಿಗೆ ಬರುವುದು ವಿರಳ. ಈ ಚಿಂತನೆಯೂ ಆತ್ಮಗಳ ಪಾಲನೆಯ ಒಂದು ಭಾಗವೆಂದು ತಿಳಿದು ನಡೆದ ಮಹನೀಯರು ಮಿಲಾನಿನ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೊಮಿಯೊರವರು.

ಚಾರ್ಲ್ಸರು 1538ನೆಯ ಇಸವಿ ಅಕ್ಟೋಬರ್ 2ರಂದು ಉತ್ತರ ಇಟಲಿಯ ಆರೋನ ಕೋಟೆಯಲ್ಲಿ, ಸಿರಿವಂತ ಮನೆತನದಲ್ಲಿ ಜನಿಸಿದರು. ಅವರ ಸೋದರಮಾವ 1559ರ ಕೊನೆಯಲ್ಲಿ ನಾಲ್ಕನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಮರುವರ್ಷವೇ, ಇನ್ನೂ ಗುರುದೀಕ್ಷೆ ಪಡೆಯದ 21ರ ತರುಣ ಚಾರ್ಲ್ಸರು ಕಾರ್ಡಿನಲ್ ಪದವಿಗೇರಿದರು. ಅಂದಿನ ದಿನಗಳಲ್ಲಿ ಇಂತಹ ಪದವಿಗಳು ಬಂಧುತ್ವದ ಬಲದಿಂದ ದೊರೆಯುತ್ತಿದ್ದವೆಂಬುದನ್ನು ಮರೆಮಾಚಬೇಕಾಗಿಲ್ಲ. 1562ರಲ್ಲಿ ಅಣ್ಣ ಫೆದೆರಿಕೊ ಅಕಾಲ ಮರಣಕ್ಕೀಡಾದಾಗ, ವಂಶವನ್ನು ಮುಂದುವರಿಸಲು ವಿವಾಹವಾಗಬೇಕೆಂದು ಬಂಧುಗಳು ಒತ್ತಾಯಿಸಿದರು. ಚಾರ್ಲ್ಸರು ಮರುವರ್ಷ ಗುರುದೀಕ್ಷೆಯನ್ನು ಸ್ವೀಕರಿಸಿ ಆ ಒತ್ತಾಯಕ್ಕೆ ಉತ್ತರವಿತ್ತರು. 1563ರಲ್ಲಿ ಮುಕ್ತಾಯಗೊಂಡ ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನಗಳಿಗೆ ರೋಮಿನಿಂದಲೇ ಅವಿಶ್ರಾಂತವಾಗಿ ದುಡಿದರು.

1565ರಲ್ಲಿ ಅವರು ಮಿಲಾನಿಗೆ ಬಂದಾಗ, ಸುಮಾರು 80 ವರ್ಷಗಳಿಂದ ಆ ಪೀಠದ ಮಹಾಧರ್ಮಾಧ್ಯಕ್ಷರಾರೂ ಅಲ್ಲಿ ನೆಲೆಸಿರಲಿಲ್ಲ. ಕುರುಬನಿಲ್ಲದ ಮಂದೆಯ ಸ್ಥಿತಿ ಹೇಗಿತ್ತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಚಾರ್ಲ್ಸರು ಗುರುಮಠಗಳನ್ನು ಸ್ಥಾಪಿಸಿದರು. ಮಕ್ಕಳಿಗೆ ಧರ್ಮೋಪದೇಶ ನೀಡುವ ಶಾಲೆಗಳನ್ನು ಬೆಳೆಸಿದರು. ಆಲ್ಪ್ಸ್ ಪರ್ವತದ ಕಡಿದಾದ ಕಣಿವೆಗಳವರೆಗೂ ಸಂಚರಿಸಿ ಹಳ್ಳಿಯ ದೇವಾಲಯಗಳನ್ನು ಕಣ್ಣಾರೆ ಕಂಡರು. ಅವರ ಶಿಸ್ತು ಕಠಿಣವಾಗಿತ್ತು, ವಿರೋಧಿಗಳೂ ಹುಟ್ಟಿಕೊಂಡರು. 1569ರಲ್ಲಿ, ಅವರು ತಿದ್ದಲೆತ್ನಿಸಿದ ಒಂದು ಸಂನ್ಯಾಸಿ ಸಂಘದ ಸದಸ್ಯನೊಬ್ಬನು, ಪ್ರಾರ್ಥನೆಯಲ್ಲಿ ಮೊಣಕಾಲೂರಿದ್ದ ಅವರ ಮೇಲೆ ಗುಂಡು ಹಾರಿಸಿದನು. ದೇವರ ದಯೆಯಿಂದ ಅವರು ಬದುಕುಳಿದರು.

1576ರಲ್ಲಿ ಮಿಲಾನಿಗೆ ಮಹಾಮಾರಿ ಪ್ಲೇಗ್ ಬಂದೆರಗಿತು. ಅಧಿಕಾರಿಗಳೂ ಶ್ರೀಮಂತರೂ ನಗರವನ್ನು ತೊರೆದರು, ಚಾರ್ಲ್ಸರು ಉಳಿದರು. ತಮ್ಮ ಅರಮನೆಯ ಪರದೆಗಳನ್ನೂ ಗೋಡೆಯ ತೂಗುವಸ್ತ್ರಗಳನ್ನೂ ಬಡವರ ಉಡುಪಿಗಾಗಿ ಕೊಟ್ಟರು. ಸೋಂಕು ಹರಡದಂತೆ ಜನರು ಮನೆಯಿಂದ ಹೊರಬರಕೂಡದೆಂಬ ಆಜ್ಞೆಯಾದಾಗ ಹೊಸ ಪ್ರಶ್ನೆಯೊಂದು ಎದುರಾಯಿತು. ದೇವಾಲಯಕ್ಕೆ ಬರಲಾರದ ಜನರಿಗೆ ದಿವ್ಯ ಬಲಿಪೂಜೆ ದೊರೆಯುವುದು ಹೇಗೆ? ಚಾರ್ಲ್ಸರು ಬೀದಿಗಳು ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಒಂದು ಪೀಠವನ್ನು ಹಲವು ಬೀದಿಗಳ ಕಿಟಕಿಗಳಿಂದ ಕಾಣಬಹುದಾಗಿತ್ತು. ಗುರುಗಳು ಅಲ್ಲಿ ಬಲಿಪೂಜೆಯನ್ನರ್ಪಿಸಿದಾಗ ಸೆರೆಯಾಗಿದ್ದ ಕುಟುಂಬಗಳು ತಮ್ಮ ಕಿಟಕಿಗಳಲ್ಲೇ ಮೊಣಕಾಲೂರಿದವು. 2020ರಲ್ಲಿ ಬಾಗಿಲು ಮುಚ್ಚಿದ ದೇವಾಲಯದಲ್ಲಿ ಒಬ್ಬರೇ ಬಲಿಪೂಜೆಯನ್ನರ್ಪಿಸಿದ ನಮ್ಮಂತಹ ಗುರುಗಳಿಗೆ ಈ ವೃತ್ತಾಂತದ ಬೆಲೆ ಚೆನ್ನಾಗಿ ತಿಳಿದಿದೆ.

ನಗರದ ಹೊರಗೆ ರೋಗಿಗಳನ್ನಿರಿಸುವ ವಿಶಾಲವಾದ ಚೌಕಾಕಾರದ ಆವರಣವಿತ್ತು. ಅದರ ಸುತ್ತಲೂ 288 ಕೋಣೆಗಳಿದ್ದವು. ಅದರ ಮಧ್ಯದಲ್ಲಿದ್ದ ಪ್ರಾರ್ಥನಾಲಯವನ್ನು ಹೊಸದಾಗಿ ಕಟ್ಟುವ ಕಾರ್ಯವನ್ನು ಚಾರ್ಲ್ಸರು ತಮ್ಮ ಶಿಲ್ಪಿ ಪೆಲ್ಲೆಗ್ರಿನೊ ತಿಬಾಲ್ದಿಯವರಿಗೆ ವಹಿಸಿದರು. ಎಂಟು ಮುಖಗಳ ಆ ಕಟ್ಟಡದ ಸುತ್ತಲೂ ಗೋಡೆಗಳ ಬದಲಾಗಿ ತೆರೆದ ಕಮಾನುಗಳಿದ್ದವು. ಕೋಣೆಯಿಂದ ಎದ್ದುಬರಲಾರದ ರೋಗಿಯೂ ಬಲಿಪೀಠವನ್ನು ಕಾಣಬೇಕೆಂಬುದೇ ಅದರ ಉದ್ದೇಶ. ಮುಂದಿನ ಕಾಲದಲ್ಲಿ ಕಮಾನುಗಳನ್ನು ಮುಚ್ಚಲಾಯಿತಾದರೂ ಆ ದೇವಾಲಯ ಇಂದಿಗೂ ಮಿಲಾನಿನಲ್ಲಿದೆ, ಚಾರ್ಲ್ಸರ ಹೆಸರನ್ನೇ ಹೊತ್ತಿದೆ.

ಮಹಾಮಾರಿ ತಗ್ಗುತ್ತಿದ್ದ 1577ರಲ್ಲಿ, ದೇವಾಲಯಗಳ ನಿರ್ಮಾಣವನ್ನೂ ಉಪಕರಣಗಳನ್ನೂ ಕುರಿತ ಅವರ ಸೂಚನೆಗಳ ಗ್ರಂಥ ಲತೀನ್ ಭಾಷೆಯಲ್ಲಿ ಪ್ರಕಟವಾಯಿತು. ದೇವಾಲಯ ಗದ್ದಲದಿಂದಲೂ ಕೊಳಕಿನಿಂದಲೂ ದೂರವಿರಬೇಕು. ಹಬ್ಬದ ದಿನ ಸೇರುವ ಜನರಿಗೂ ಸ್ಥಳ ಸಾಲಬೇಕು. ಕಿಟಕಿಗಳು ಬೆಳಕನ್ನು ತರಬೇಕು, ಆದರೆ ದಾರಿಹೋಕರು ಇಣುಕದಷ್ಟು ಎತ್ತರದಲ್ಲಿರಬೇಕು. ಪ್ರಬೋಧಕರು ಎಲ್ಲರಿಗೂ ಕಾಣುವಂತೆ, ಕೇಳಿಸುವಂತೆ ಪ್ರಬೋಧನಾ ಪೀಠವಿರಬೇಕು. ತುಳಿದಾಡುವ ನೆಲದ ಮೇಲೆ ಶಿಲುಬೆಯನ್ನು ಚಿತ್ರಿಸಕೂಡದು. ಇವು ಅದರಲ್ಲಿನ ಕೆಲವು ವಿಧಿಗಳು.

ಆ ಗ್ರಂಥದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು ಪಾಪನಿವೇದನಾ ಪೀಠದ ವಿವರಣೆ. ಅದಕ್ಕೆ ಮುಂಚೆ ಗುರುಗಳು ಸಾಮಾನ್ಯವಾಗಿ ಆಸನವೊಂದರಲ್ಲಿ ಕುಳಿತು, ಬಳಿಯಲ್ಲೇ ಮೊಣಕಾಲೂರಿದವರ ನಿವೇದನೆಯನ್ನು ಆಲಿಸುತ್ತಿದ್ದರು. ಇಬ್ಬರ ನಡುವೆ ಮರೆಯಿರಬೇಕೆಂದು ಚಾರ್ಲ್ಸರು 1565ರ ಪ್ರಾಂತೀಯ ಸಭೆಯಲ್ಲೇ ವಿಧಿಸಿದ್ದರು. ಈಗ ಅದರ ಅಳತೆ, ಆಕಾರಗಳನ್ನೂ ಬರೆದಿಟ್ಟರು. ಪೀಠ ಮರದ್ದಾಗಿ, ದೇವಾಲಯದಲ್ಲಿ ಎಲ್ಲರಿಗೂ ಕಾಣುವ ಸ್ಥಳದಲ್ಲಿರಬೇಕು. ನಡುವಿನ ಕಿಂಡಿಗೆ ಬಟಾಣಿ ಕಾಳಿನಷ್ಟು ಸಣ್ಣ ರಂಧ್ರಗಳಿರುವ ಲೋಹದ ತಗಡು, ಅದರ ಮೇಲೆ ತೆಳುವಾದ ಬಟ್ಟೆ ಇರಬೇಕು. ಪೀಠ ಬಹಿರಂಗದಲ್ಲಿದ್ದುದರಿಂದ ಸಂಶಯಕ್ಕೆ ಎಡೆಯಿರಲಿಲ್ಲ; ಮುಖ ಮರೆಯಾಗಿದ್ದುದರಿಂದ ನಾಚಿಕೆಗೆ ಆಶ್ರಯವಿತ್ತು. ರಂಧ್ರದ ಗಾತ್ರವನ್ನು ಕೂಡ ಯೋಚಿಸಿದ ಆ ಮಹಾಧರ್ಮಾಧ್ಯಕ್ಷರು, ನಡುಗುತ್ತ ಬರುವ ಒಂದು ಆತ್ಮವನ್ನು ಕಣ್ಣಮುಂದಿರಿಸಿಕೊಂಡಿದ್ದರೆಂದು ನಾವು ನಂಬುತ್ತೇವೆ. ಜಾಲರಿಯುಳ್ಳ ಪೀಠವನ್ನು 1614ರ ರೋಮನ್ ಸಂಸ್ಕಾರ ವಿಧಿಗ್ರಂಥ ಸರ್ವತ್ರ ವಿಧಿಸಿತು; 1983ರ ಧರ್ಮಸಭಾ ಕಾನೂನು ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹಿಂದೆ ನಾವು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ, ಫ್ಯಾನಿನ ಗಾಳಿ ಸಿಗಲೆಂದು ಪಾಪನಿವೇದನಾ ಪೀಠವನ್ನು ಮುಂದಿನ ಬೆಂಚುಗಳ ಪಕ್ಕಕ್ಕೆ ಸರಿಸಿದೆವು. ನಮಗೆ ಹಿತವಾಯಿತು, ಆದರೆ ನಿವೇದನೆಗೆ ಬರುವವರು ಕಡಿಮೆಯಾದರು. ಜನರ ಭಕ್ತಿ ಕುಗ್ಗಿತೆಂದು ಪ್ರಬೋಧನೆಯಲ್ಲಿ ಗದರಿದೆವು. ಕಿವಿ ಮಂದವಾದ ವೃದ್ಧೆಯೊಬ್ಬರು ತಾವು ಮೆಲ್ಲಗೆ ಮಾತನಾಡಲು ಅರಿಯದೆ, ತಮ್ಮ ಮಾತು ಬೆಂಚಿನವರಿಗೆಲ್ಲ ಕೇಳಿಸುವುದೆಂದು ಅಂಜಿ ದೂರ ಉಳಿದಿದ್ದಾಗಿ ತಿಳಿಸಿದಾಗ ನಮ್ಮ ಕಣ್ಣು ತೆರೆಯಿತು. ಪೀಠ ಮತ್ತೆ ಹಳೆಯ ಮೂಲೆಗೆ ಹೋಯಿತು; ಅವರೂ ಬಂದರು. ಪೀಠವನ್ನು ಐದಾರು ಗಜ ಸರಿಸಿದ್ದರಿಂದ ಒಂದು ಆತ್ಮ ಸಂಸ್ಕಾರದಿಂದ ದೂರವಾಗಿತ್ತು.

ಚಾರ್ಲ್ಸರ ಎಲ್ಲ ವಿಧಿಗಳೂ ಇಂದು ನಮಗೆ ಅನ್ವಯಿಸಲಾರವು. ಸ್ತ್ರೀಪುರುಷರ ನಡುವೆ ಅವರು ಹಾಕಿಸಿದ ಹಲಗೆಯ ತಡೆ ಅವರ ಕಾಲಕ್ಕೆ ಸೇರಿದ್ದು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೀಠವೂ ಜನರೆಡೆಗೆ ಬಂದಿದೆ. ಆದರೆ ದೇವಾಲಯದ ಪ್ರತಿಯೊಂದು ವಸ್ತುವನ್ನು ಇರಿಸುವಾಗ, ಇದರಿಂದ ಅತ್ಯಂತ ದುರ್ಬಲರಾದವರಿಗೆ ದಾರಿ ಸುಗಮವಾಯಿತೇ ಎಂದು ಕೇಳುವ ಅವರ ಕ್ರಮ ಹಳತಾಗಿಲ್ಲ. ಶತಮಾನೋತ್ಸವದ ಸಂಭ್ರಮದಲ್ಲಿ ಗೋಪುರವನ್ನೂ ದೀಪಾಲಂಕಾರವನ್ನೂ ಕುರಿತು ಆಲೋಚಿಸುವ ನಾವು, ಮೆಟ್ಟಿಲೇರಲಾರದ ವೃದ್ಧರನ್ನೂ ಹಿಂದೆ ನಿಲ್ಲುವ ತಾಯಂದಿರನ್ನೂ ಮೊದಲು ವಿಚಾರಿಸೋಣ.

1584ರ ನವೆಂಬರ್ 3ರ ರಾತ್ರಿ, 46ರ ವಯಸ್ಸಿನಲ್ಲಿ, ಉಪವಾಸ ಪರಿಶ್ರಮಗಳಿಂದ ಸವೆದ ಚಾರ್ಲ್ಸರು ಪ್ರಭುವಿನ ಸನ್ನಿಧಿ ಸೇರಿದರು. 1610ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ನವೆಂಬರ್ 4 ಅವರ ಹಬ್ಬದ ದಿನ. ಹುಟ್ಟೂರಾದ ಆರೋನದಲ್ಲಿ, ಪೀಠವೂ ಸೇರಿ ಸುಮಾರು 35 ಮೀಟರ್ ಎತ್ತರದ ಅವರ ತಾಮ್ರದ ಪ್ರತಿಮೆ 1698ರಿಂದ ನಿಂತಿದೆ. ಅದನ್ನು ಕಾಣುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗಿದೆಯೋ ಅರಿಯೆವು. ಜಾಲರಿಯ ಮುಂದೆ ಮೊಣಕಾಲೂರುವ ಭಾಗ್ಯ ಮಾತ್ರ ನಮ್ಮೆಲ್ಲರಿಗೂ ಇದೆ. ಮುಂದಿನ ಸಲ ಅಲ್ಲಿ ಮೊಣಕಾಲೂರುವಾಗ ಈ ಸಂತರನ್ನು ನೆನೆದು, ನಮ್ಮ ಧರ್ಮಕೇಂದ್ರಕ್ಕಾಗಿ ಪ್ರಾರ್ಥಿಸುವಂತೆ ಅವರನ್ನು ಬೇಡಿಕೊಳ್ಳೋಣ.